ತಳಿ ಒಳ್ಳೇದೇ, ಮನೆ ಹಾಲು ಎಲ್ಲಿ ಹೋಯ್ತು?

"ನಮ್ಮ ವಂಶವೇ ಕುಳ್ಳು, ಮಗ ಎಲ್ಲಿಂದ ಉದ್ದ ಆಗ್ತಾನೆ?" ಅನ್ನೋ ಮಾತು ನಮ್ಮ ಕಡೆ ಮಾಮೂಲು. ಆದರೆ ಹಸುವಿನ ವಿಷಯದಲ್ಲಿ ನಾವು ಹೀಗೆ ಮಾತಾಡಲ್ಲ. ಎಚ್‌ಎಫ್ ತಂದು ಬರೀ ಒಣಹುಲ್ಲು ಹಾಕಿದ್ರೆ ಕೆಚ್ಚಲು ತುಂಬಲ್ಲ ಅಂತ ಎಲ್ಲರಿಗೂ ಗೊತ್ತು. ಎಷ್ಟು ಕೊಡಬಹುದು ಅನ್ನೋದು ತಳಿ ಮೇಲೆ, ಎಷ್ಟು ಕೊಡುತ್ತೆ ಅನ್ನೋದು ಮೇವಿನ ಮೇಲೆ. ಮನುಷ್ಯರ ಎತ್ತರಕ್ಕೂ ಇದೇ ಲೆಕ್ಕ.

ಇವತ್ತು ಜಗತ್ತಲ್ಲೇ ಎತ್ತರದವರು ನೆದರ್ಲೆಂಡ್ಸ್ ಜನ. ಗಂಡಸರ ಸರಾಸರಿ ಸುಮಾರು 183 ಸೆಂ.ಮೀ., ಅಂದ್ರೆ ಆರಡಿ. 19ನೇ ಶತಮಾನದ ಮಧ್ಯದಲ್ಲಿ ಅಲ್ಲಿ ಸೇನೆಗೆ ಅಳತೆ ಕೊಟ್ಟ ಹುಡುಗರು ಸರಾಸರಿ 165 ಸೆಂ.ಮೀ. ಆಸುಪಾಸಿನಲ್ಲಿದ್ದರು. ಐದಾರು ತಲೆಮಾರಿನಲ್ಲಿ ಜೀನ್ ಇಷ್ಟೊಂದು ಬದಲಾಗಲ್ಲ. ಬದಲಾಗಿದ್ದು ಮುಖ್ಯವಾಗಿ ಊಟ, ಕುಡಿಯೋ ನೀರು, ಮಕ್ಕಳ ಕಾಯಿಲೆ.

ನನ್ನನ್ನು ನಿಜವಾಗಿ ಕಾಡಿದ್ದು ಅಮೆರಿಕದ ಕಥೆ. ಅಲ್ಲಿ 1830ರ ನಂತರ ಹುಟ್ಟಿದವರ ಸರಾಸರಿ ಎತ್ತರ ಕೆಲವು ದಶಕಗಳಲ್ಲಿ ಎರಡು ಸೆಂ.ಮೀ.ಗಿಂತ ಜಾಸ್ತಿ ಕುಗ್ಗಿತು. ಬರಗಾಲ ಅಲ್ಲ ಸ್ವಾಮಿ, ಆದಾಯ ಏರುತ್ತಿದ್ದ ಕಾಲ! ಕಾಲುವೆ, ರೈಲು ಬಂದವು, ಪೇಟೆ ಹತ್ತಿರವಾಯ್ತು. ಮೊದಲು ಮನೆಯಲ್ಲೇ ಮುಗೀತಿದ್ದ ಮಾಂಸ, ಹೈನು ಮಾರಾಟಕ್ಕೆ ಹೋಯ್ತು. ಜನರ ಓಡಾಟದ ಜೊತೆ ರೋಗವೂ ಹರಡಿತು ಅನ್ನೋದು ನಿಜ. ಆದರೆ ಪೇಟೆಯಿಂದ ದೂರ ಇದ್ದ ರೈತರ ಮಕ್ಕಳು ಹೆಚ್ಚು ಎತ್ತರ ಇದ್ದರು ಅನ್ನೋದನ್ನ ಮರೆಯೋಕಾಗಲ್ಲ. ಜರ್ಮನಿಯ ಬವೇರಿಯಾದಲ್ಲೂ ಹಾಲು ಜಾಸ್ತಿ ಇದ್ದ ಸೀಮೆಯವರೇ ಎತ್ತರ. ಆಗ ಹಾಲು ಕೆಡದಂತೆ ದೂರ ಸಾಗಿಸೋಕಾಗ್ತಿರಲಿಲ್ಲ, ಹಾಗಾಗಿ ಬಡವರ ಹೊಟ್ಟೆಗೂ ಸೇರ್ತಿತ್ತು. ಈಸ್ಟ್ ಇಂಡಿಯಾ ಕಂಪನಿ ಸೇನೆಗೆ ಸೇರಿದವರ ದಾಖಲೆ ನೋಡಿದ್ರೆ, ಇಂಗ್ಲೆಂಡಿನವರಿಗಿಂತ ಬಡವರಾದ ಐರ್ಲೆಂಡ್ ಹುಡುಗರೇ ಸ್ವಲ್ಪ ಉದ್ದ. ಅವರ ಊಟ ಆಲೂಗಡ್ಡೆ, ಮಜ್ಜಿಗೆ.

ಈಗ ನಮ್ಮ ಮನೆಗೆ ಬರೋಣ. ಎರಡು ಹೊತ್ತೂ ಕ್ಯಾನ್ ತುಂಬಿಸಿ ಡೇರಿಗೆ ಓಡ್ತೀವಿ, ಮನೆಗೆ ಉಳಿಯೋದು ಟೀಗೆ ಆಗುವಷ್ಟು. ನಮ್ಮನೇಲೂ ಬಹಳ ವರ್ಷ ಹೀಗೇ ನಡೀತು. ಮೊಟ್ಟೆ ಸಂತೆಗೆ, ಮಕ್ಕಳಿಗೆ ಹತ್ತು ರೂಪಾಯಿ ಬಿಸ್ಕತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲ. ಇದನ್ನ ವಂಶದ ತಲೆಗೆ ಕಟ್ಟೋದು ತಪ್ಪು.

ಹಾಲು ಮಾರಬೇಡಿ ಅಂತ ಹೇಳ್ತಿಲ್ಲ. ಸಾಲದ ಕಂತು, ಹಿಂಡಿ-ಬೂಸಾ ಬೆಲೆ ನನಗೂ ಗೊತ್ತು. ಮನೆಗೆ ದಿನಕ್ಕೆ ಒಂದು ಲೀಟರ್ ಇಟ್ಟುಕೊಂಡ್ರೆ, ಲೀಟರಿಗೆ 35 ರೂಪಾಯಿಯಂತೆ ತಿಂಗಳಿಗೆ ಸಾವಿರ ಚಿಲ್ಲರೆ ಕೈತಪ್ಪುತ್ತೆ, ಸಣ್ಣ ದುಡ್ಡಲ್ಲ. ಆದರೂ ಕ್ಯಾನ್‌ಗೆ ಸುರಿಯೋ ಮೊದಲೇ ಅದನ್ನ ತೆಗೆದಿಡಿ ಅಂತೀನಿ. ಬಸುರಿ, ಬಾಣಂತಿಗೆ ಮೊದಲ ಪಾಲು, ವರ್ಷ ದಾಟಿದ ಮಗುವಿಗೆ ಆಮೇಲಿನದು. ಆರು ತಿಂಗಳವರೆಗಂತೂ ಮಗುವಿಗೆ ತಾಯಿ ಹಾಲೊಂದೇ. ಎತ್ತರ ಹೆಚ್ಚಾಗಿ ಹಿಂದೆ ಬೀಳೋದು ಹೊಟ್ಟೆಯಲ್ಲಿದ್ದಾಗಿಂದ ಎರಡು ವರ್ಷ ತುಂಬೋದರೊಳಗೆ. ಕರುವಿಗೆ ಗಿಣ್ಣು ತಪ್ಪಿಸಿ, ಆಮೇಲೆ ಎಷ್ಟು ಹಿಂಡಿ ಹಾಕಿದ್ರೂ ಆ ಮೈಕಟ್ಟು ಬರಲ್ಲ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ.