ಹೋಬಳಿಗೊಬ್ಬ ಆಪ್ತಸಮಾಲೋಚಕರು ಬೇಕು

ತೆಂಗಿನ ಮರಕ್ಕೆ ನುಸಿಪೀಡೆಯೋ ಕಾಂಡ ಸೋರುವ ರೋಗವೋ ತಗುಲಿದರೆ ಅದನ್ನು ಹೇಳಿಕೊಳ್ಳುವುದಕ್ಕೆ ನಮ್ಮ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದ ರೈತನಿಗೆ ಹೋಬಳಿ ಮಟ್ಟದಲ್ಲಿಯೇ ಸರ್ಕಾರದ ಸಿಬ್ಬಂದಿ ಉಂಟು. ಅದೇ ರೈತನ ಮಗಳು ಪರೀಕ್ಷೆಯ ದಿನ ಬೆಳಗ್ಗೆ ಹೊಟ್ಟೆನೋವೆಂದು ಮುದುರಿ ಮಲಗಿ, ತಿಂದದ್ದನ್ನು ಕಾರಿಕೊಂಡು, ಶಾಲೆಯ ದಾರಿ ಹಿಡಿಯಲಾರದೆ ಹೋದರೆ, ಆ ನೋವಿನ ಮೂಲವನ್ನು ಅರಿತು ಆಕೆಯೊಡನೆ ಮಾತನಾಡತಕ್ಕ ಹುದ್ದೆಯೊಂದು ಹೋಬಳಿಯ ಲೆಕ್ಕದಲ್ಲಿಯೇ ಇಲ್ಲ. ಈ ಕೊರತೆಯನ್ನು ಧ್ಯಾನದ ಸುತ್ತೋಲೆಗಳಿಂದಲೂ ದೂರವಾಣಿಯ ಸಂಖ್ಯೆಗಳಿಂದಲೂ ತುಂಬಿಬಿಡಬಹುದೆಂದು ನಂಬಿರುವವರೊಡನೆ ನನ್ನ ವಿವಾದ.

2022ರ ನವೆಂಬರ್ ತಿಂಗಳಿನಲ್ಲಿ, ನಮ್ಮ ನೆರೆಯ ತಿಪಟೂರು ಕ್ಷೇತ್ರದಿಂದ ಆಯ್ಕೆಯಾಗಿ ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ಅವರು ಶಾಲೆಗಳಲ್ಲಿಯೂ ಪದವಿಪೂರ್ವ ಕಾಲೇಜುಗಳಲ್ಲಿಯೂ ದಿನಕ್ಕೆ ಹತ್ತು ನಿಮಿಷ ಧ್ಯಾನ ನಡೆಯಬೇಕೆಂದು ಸೂಚಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಧ್ಯಾನವು ಯಾವ ಮತಕ್ಕೆ ಸೇರಿದ್ದು, ಅದನ್ನು ಸರ್ಕಾರ ಹೇರಬಹುದೇ ಎಂಬ ಪ್ರಶ್ನೆಗಳ ಮೇಲೆ ಉಭಯ ಪಕ್ಷದವರೂ ಕಾದಾಡಿದರು. ಅದರಿಂದ ಮಕ್ಕಳ ಒತ್ತಡ ನಿಜವಾಗಿ ತಗ್ಗುವುದೇ ಎಂದು ಕೇಳಿದವರು ಮಾತ್ರ ವಿರಳ. ಆ ಪ್ರಶ್ನೆಗೆ ಉತ್ತರವಾಗಬಲ್ಲ ಪರಿಶೀಲನೆಯೊಂದು ಅದೇ ವರ್ಷ ಇಂಗ್ಲೆಂಡಿನಿಂದ ಪ್ರಕಟವಾಗಿತ್ತು. 11ರಿಂದ 14 ವಯಸ್ಸಿನ ಎಂಟು ಸಾವಿರಕ್ಕೂ ಮೇಲ್ಪಟ್ಟ ಮಕ್ಕಳಿದ್ದ 85 ಶಾಲೆಗಳಲ್ಲಿ, ಧ್ಯಾನಕ್ಕೆ ಸಮೀಪವಾದ ಮನೋಜಾಗೃತಿಯ ಪಾಠವನ್ನು ಅಧ್ಯಾಪಕರಿಂದಲೇ ಹೇಳಿಸಿ ನೋಡಿದಾಗ, ವಾಡಿಕೆಯ ಪಾಠಕ್ಕಿಂತ ಹೆಚ್ಚಿನ ಫಲವೇನೂ ಕಂಡುಬರಲಿಲ್ಲ. ಧ್ಯಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ; ಮನಸ್ಸಿದ್ದವರಿಗೆ ಅದು ಸುಖಕರವಾಗಿಯೇ ಇರಬಹುದು. ಆದರೆ ಎಲ್ಲ ಮಕ್ಕಳನ್ನೂ ಒಟ್ಟಿಗೆ ಕಣ್ಣು ಮುಚ್ಚಿಸಿ ಕೂರಿಸಿದ ಮಾತ್ರಕ್ಕೆ, ಆತಂಕದಲ್ಲಿ ನಿಜವಾಗಿ ಮುಳುಗಿದ ಮಗುವಿನ ಕಡೆಗಿದ್ದ ಹೊಣೆ ತೀರಿತೆಂದು ಇಲಾಖೆ ಭಾವಿಸುವುದಾದರೆ ಅದು ಆ ಮಗುವಿಗೆ ಮಾಡುವ ಅನ್ಯಾಯ.

ಇನ್ನೊಂದು ಪಕ್ಷದವರದು ನಮ್ಮ ಜಗಲಿಯ ಮೇಲೆ ದಿನವೂ ಕೇಳಿಬರುವ ಮಾತು: “ಹಳ್ಳಿ ಮಕ್ಕಳಿಗೆ ಎಂಥದ್ದು ಆತಂಕ? ನಮ್ ಕಾಲದಲ್ಲಿ ಇವೆಲ್ಲ ಎಲ್ಲಿದ್ವು? ಎರಡು ಬಾರಿಸಿದ್ರೆ ಸರಿಹೋಗುತ್ತೆ.” 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುವುದನ್ನು ಗುರುತಿಸಿತು. ಅವುಗಳಲ್ಲಿ ಆತಂಕದ ಪಾಲು ಹಿರಿದು. ಎಂಬತ್ತು ಮಕ್ಕಳ ಪ್ರೌಢಶಾಲೆಗೆ ಈ ಲೆಕ್ಕವನ್ನು ಹಿಡಿದರೆ ಅಂಥವರು ಐದಾರು ಮಂದಿಯಾಗುತ್ತಾರೆ. ಅವರನ್ನು ನಾವು ಕಾಣದಿರುವುದಕ್ಕೆ ಕಾರಣ, ಆ ತೊಂದರೆ ಹೊಟ್ಟೆನೋವಿನ, ತಲೆಸುತ್ತಿನ, ಸೋಮಾರಿತನದ ವೇಷದಲ್ಲಿ ಬರುವುದು. ತಾಯಿ ದೃಷ್ಟಿ ತೆಗೆಯುತ್ತಾಳೆ, ಅಜ್ಜಿ ಯಂತ್ರ ಕಟ್ಟಿಸುತ್ತಾಳೆ, ಮೇಷ್ಟರು ಗೈರುಹಾಜರಿ ಬರೆಯುತ್ತಾರೆ. ಹಳ್ಳಿಯ ಮಗುವಿಗೆ ಚಿಂತೆಯ ವಸ್ತುಗಳೂ ಕಡಿಮೆಯಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತಾಗಿದ್ದರೂ ತಿಪಟೂರಿನ ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಕುಸಿದಾಗ, ಅಟ್ಟದ ಮೇಲೆ ವರ್ಷವಿಡೀ ಒಣಗಿಸಿದ ಕಾಯನ್ನು ಮಾರುವುದೋ ಇಟ್ಟುಕೊಳ್ಳುವುದೋ ಎಂದು ಅಪ್ಪ ಅಮ್ಮ ರಾತ್ರಿ ವಾದಿಸಿದ್ದನ್ನು, ಅಟ್ಟದ ಕೆಳಗೆ ಪುಸ್ತಕ ಹಿಡಿದು ಕುಳಿತ ಮಕ್ಕಳು ಕೇಳಿಸಿಕೊಳ್ಳದೆ ಇದ್ದರೇ? ಸಹಕಾರ ಸಂಘದ ಸಾಲ, ಅಕ್ಕನ ಮದುವೆ, ತನ್ನ ಕಾಲೇಜಿನ ಶುಲ್ಕ, ಎಲ್ಲವೂ ಆ ದರಕ್ಕೆ ಕಟ್ಟಿಕೊಂಡಿವೆಯೆಂಬುದು ಹದಿಮೂರರ ಹುಡುಗಿಗೆ ಚೆನ್ನಾಗಿ ತಿಳಿದಿರುತ್ತದೆ.

ಇದರ ಮೇಲೆ ಸರ್ಕಾರವೇ ತಂದೊಡ್ಡಿದ ಭಯವೊಂದುಂಟು. 2024ರ ಮಾರ್ಚಿ 11ರಂದು 5, 8 ಮತ್ತು 9ನೆಯ ತರಗತಿಗಳಿಗೆ ಮಂಡಳಿಯ ಪರೀಕ್ಷೆ ಆರಂಭವಾಯಿತು. ಮರುದಿನವೇ ಸರ್ವೋಚ್ಚ ನ್ಯಾಯಾಲಯದ ಆದೇಶ ಬಂದು ಅದು ನಡುವೆಯೇ ನಿಂತಿತು. ಹೈಕೋರ್ಟಿನ ವಿಭಾಗೀಯ ಪೀಠದ ಅನುಮತಿಯಿಂದ 25ರಂದು ಮತ್ತೆ ಮೊದಲಾಯಿತು. ಏಪ್ರಿಲ್ 8ರಂದು ಫಲಿತಾಂಶಕ್ಕೇ ತಡೆ ಬಿದ್ದಿತು. ಹತ್ತು ವರ್ಷದ ಎಳೆಯರನ್ನು ಒಂದು ತಿಂಗಳ ಕಾಲ ಈ ಪರಿಯಲ್ಲಿ ತೂಗಾಡಿಸಿದವರು, ಆ ಮಕ್ಕಳ ಮನಶ್ಶಾಂತಿಯನ್ನು ಕುರಿತು ಉಪದೇಶಿಸುವುದಕ್ಕೆ ಮುನ್ನ ತಾವು ಮಾಡಿದ್ದನ್ನು ಒಮ್ಮೆ ನೆನೆಯಬೇಕು.

ಹಾಗಾದರೆ ಶಾಲೆ ಮಾಡಬಹುದಾದದ್ದೇನು? ಆತಂಕದ ಸ್ವಭಾವವನ್ನು ಬಲ್ಲವರಿಗೆ ಅದಕ್ಕೆ ಮಾರ್ಗವೂ ತಿಳಿದಿದೆ. ಎದ್ದು ನಿಂತು ಪಾಠ ಓದಲು ಹೆದರುವ ಹುಡುಗನೊಬ್ಬನಿದ್ದಾನೆನ್ನಿ. ಕರುಣೆಯುಳ್ಳ ಉಪಾಧ್ಯಾಯಿನಿ “ಹೋಗಲಿ ಬಿಡಪ್ಪ, ನೀನು ಓದಬೇಡ” ಎಂದು ಕೂರಿಸುತ್ತಾಳೆ. ಹುಡುಗನಿಗೆ ಆ ಕ್ಷಣ ಪ್ರಾಣ ಬಂದಂತಾಗುತ್ತದೆ, ಆದರೆ ತಪ್ಪಿಸಿಕೊಂಡದ್ದರಿಂದಲೇ ನೆಮ್ಮದಿಯಾಯಿತೆಂಬುದನ್ನು ಅವನ ಮನಸ್ಸು ಕಲಿತುಬಿಡುತ್ತದೆ, ಮರುವಾರ ಭಯ ಇಮ್ಮಡಿಯಾಗಿರುತ್ತದೆ. ಕಠಿಣಳಾದ ಇನ್ನೊಬ್ಬಳು ಅವನನ್ನು ಎಳೆದು ಕರಿಹಲಗೆಯ ಮುಂದೆ ನಿಲ್ಲಿಸಿದರೆ ಅವನು ಶಾಲೆಯನ್ನೇ ಬಿಡುವನು. ಇವೆರಡರ ನಡುವೆ ಒಂದು ದಾರಿಯಿದೆ: ಮೊದಲು ಪಕ್ಕದ ಗೆಳೆಯನಿಗೆ ಕೇಳುವಂತೆ ಎರಡು ಸಾಲು, ಮುಂದಿನ ವಾರ ನಾಲ್ವರ ಗುಂಪಿನಲ್ಲಿ ಒಂದು ಪುಟ, ಅನಂತರ ಕುಳಿತಲ್ಲಿಂದಲೇ ಇಡೀ ತರಗತಿಗೆ, ಕೊನೆಗೆ ಎದ್ದು ನಿಂತು. ಪ್ರತಿಯೊಂದು ಹಂತದಲ್ಲಿಯೂ ಎದೆಬಡಿತ ತಾನಾಗಿ ಇಳಿಯುವವರೆಗೆ ಅಲ್ಲಿಯೇ ನಿಲ್ಲಬೇಕು. ಹೆದರಿಸಿದ ಆಲೋಚನೆ ಯಾವುದು, ಅದು ಎಷ್ಟರಮಟ್ಟಿಗೆ ದಿಟವಾಯಿತು ಎಂಬುದನ್ನು ಅವನಿಂದಲೇ ಹೇಳಿಸಬೇಕು. ಇದಕ್ಕೆ ವಾರಗಟ್ಟಲೆ ಸಮಯ ಬೇಕು, ಶಿಕ್ಷಣ ಬೇಕು, ಆ ಹುಡುಗನ ಗುಟ್ಟನ್ನು ಕಾಪಾಡುವ ಒಬ್ಬ ವ್ಯಕ್ತಿ ಬೇಕು.

ಈ ಭಾರವನ್ನೂ ಅಧ್ಯಾಪಕರ ಹೆಗಲಿಗೇ ಏರಿಸೋಣವೆಂಬ ಸಲಹೆ ಕೂಡಲೇ ಬರುತ್ತದೆ. ಅಧ್ಯಾಪಕರು ಅಸಮರ್ಥರೆಂದು ನಾನು ಹೇಳಲಾರೆ. ನಿಮ್ಹಾನ್ಸಿನ ಜೀವನಕೌಶಲ ಶಿಕ್ಷಣವನ್ನು ದಕ್ಷಿಣ ಕರ್ನಾಟಕದ ಪ್ರೌಢಶಾಲೆಗಳಲ್ಲಿ ನಡೆಸಿಕೊಟ್ಟವರು ತರಬೇತಿ ಪಡೆದ ಅಧ್ಯಾಪಕರೇ. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಲ್ಲಿ, ಪಾಠ ಪಡೆದ 605 ಮಕ್ಕಳ ಆತ್ಮಗೌರವವೂ ಕಷ್ಟ ಎದುರಿಸುವ ಬಲವೂ ಪಡೆಯದ 423 ಮಕ್ಕಳಿಗಿಂತ ಮೇಲಾಗಿದ್ದುವು. ಆದರೆ ಮಾನಸಿಕ ರೋಗಲಕ್ಷಣಗಳಲ್ಲಿ ಅಂತರವಿರಲಿಲ್ಲ. ಬಿಹಾರದ ನಳಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳ ಪ್ರಯೋಗ, 2018ರಲ್ಲಿ ಪ್ರಕಟವಾದದ್ದು, ಇನ್ನೂ ಸ್ಪಷ್ಟವಾಗಿ ಮಾತನಾಡುತ್ತದೆ: ಒಂದೇ ಕಾರ್ಯಕ್ರಮವನ್ನು ಕೆಲವೆಡೆ ಅಧ್ಯಾಪಕರೂ ಕೆಲವೆಡೆ ಅದಕ್ಕಾಗಿಯೇ ನೇಮಕಗೊಂಡ ಸಾಮಾನ್ಯ ಆಪ್ತಸಮಾಲೋಚಕರೂ ನಡೆಸಿದಾಗ, ಸಮಾಲೋಚಕರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಖಿನ್ನತೆಯೂ ಹಿಂಸೆಯೂ ತಗ್ಗಿದುವು, ಅಧ್ಯಾಪಕರು ನಡೆಸಿದ ಕಡೆ ಅಂಥ ಫಲವೇ ಕಾಣಲಿಲ್ಲ. ಇಂಗ್ಲೆಂಡಿನ 40 ಶಾಲೆಗಳಲ್ಲಿ ಒಂಬತ್ತು ಹತ್ತು ವಯಸ್ಸಿನವರ ಆತಂಕವನ್ನೇ ಗುರಿಯಾಗಿಟ್ಟುಕೊಂಡು ನಡೆದ, 2014ರಲ್ಲಿ ವರದಿಯಾದ ಪ್ರಯೋಗವೂ ಹೊರಗಿನಿಂದ ಬಂದ ಆರೋಗ್ಯ ಸಿಬ್ಬಂದಿಯ ಕೈಯಲ್ಲಿ ಮಾತ್ರ ಫಲಿಸಿತು. ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಅಂಕ ಕೊಡುವವರೂ ಗದರುವವರೂ ಆದ ಗುರುಗಳ ಮುಂದೆ ಮಗು ತನ್ನ ಭಯವನ್ನು ಬಿಚ್ಚಲಾರದು, ಗುರುಗಳಿಗಾದರೂ ಬಿಡುವೆಲ್ಲಿ? 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಅವರು ಮನೆ ಮನೆ ತಿರುಗಬೇಕಾಗಿ ಬಂದು ದಸರೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತಷ್ಟೆ.

2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ದೇಶಕ್ಕೆಲ್ಲ ಅನ್ವಯಿಸುವ 15 ನಿರ್ದೇಶನಗಳನ್ನು ಕೊಟ್ಟಿತು. ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬನು. ಆದರೆ 100 ಮತ್ತು ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯು ಅರ್ಹ ಸಮಾಲೋಚಕರನ್ನು ನೇಮಿಸಬೇಕೆಂದೂ ಅದಕ್ಕಿಂತ ಚಿಕ್ಕವು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಂಡರೆ ಸಾಕೆಂದೂ ಅಲ್ಲಿ ಹೇಳಿರುವುದು ನಗರದ ದೊಡ್ಡ ಶಾಲೆಗೆ ಒಪ್ಪುತ್ತದೆ. ತೋಟಗಳ ನಡುವೆ ಚದುರಿದ, ಮೂವತ್ತು ನಲವತ್ತು ಮಕ್ಕಳ ಶಾಲೆಗೆ ಹೊರಗಿನ ತಜ್ಞರೆಂದರೆ ಯಾರು? ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮಂಗಳವಾರ ಕೂಲಿ ಬಿಟ್ಟು ಮಗುವನ್ನು ಬಸ್ಸು ಹತ್ತಿಸುವ ತಾಯಂದಿರು ಎಷ್ಟು ಮಂದಿ? 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಸೇವೆಯ 14416 ಸಂಖ್ಯೆ ಕನ್ನಡದಲ್ಲಿಯೂ ಉತ್ತರ ಕೊಡುತ್ತದೆ, ಉಪಕಾರವೇ. ಆದರೆ ಮನೆಯ ಫೋನು ಅಪ್ಪನ ಜೇಬಿನಲ್ಲಿರುವಾಗ, ಅಪ್ಪನೇ ಭಯದ ಕಾರಣವಾಗಿರುವಾಗ, ಮಗು ಯಾರ ಫೋನಿನಿಂದ ಕರೆ ಮಾಡಬೇಕು?

ಒಂದು ಶಾಲೆಗೆ ನೂರು ಮಕ್ಕಳಿಲ್ಲದಿರಬಹುದು, ಹೋಬಳಿಗೆ ಖಂಡಿತವಾಗಿಯೂ ಇದ್ದಾರೆ. ಆದುದರಿಂದ ಎಣಿಕೆ ಹೋಬಳಿಯ ಲೆಕ್ಕದಲ್ಲಿ ನಡೆಯಲಿ. ತುರುವೇಕೆರೆ ತಾಲ್ಲೂಕಿಗೆ ಕಸಬಾ, ದಂಡಿನಶಿವರ, ಮಾಯಸಂದ್ರ, ದಬ್ಬೇಘಟ್ಟ ಎಂದು ನಾಲ್ಕು ಹೋಬಳಿಗಳು. ನಾಲ್ವರನ್ನು ನೇಮಿಸಿದರೆ ತಾಲ್ಲೂಕು ಪೂರ್ತಿಯಾಗುತ್ತದೆ, ಇದು ರಾಜ್ಯದ ಬೊಕ್ಕಸವನ್ನು ಬರಿದುಮಾಡುವ ಬೇಡಿಕೆಯೇನೂ ಅಲ್ಲ. ಸಮಾಜಕಾರ್ಯವನ್ನೋ ಮನಶ್ಶಾಸ್ತ್ರವನ್ನೋ ಓದಿದ ತರುಣ ತರುಣಿಯರು ಈ ಜಿಲ್ಲೆಯಲ್ಲಿಯೇ ಕೆಲಸವಿಲ್ಲದೆ ಇದ್ದಾರೆ. ಅವರಿಗೆ ನಿಮ್ಹಾನ್ಸಿನ ತರಬೇತಿಯನ್ನೂ ಖಾಯಂ ಸಂಬಳವನ್ನೂ ಕೊಡಲಿ. ವಾರದ ಇಂಥ ದಿನ ಇಂಥ ಶಾಲೆಗೆ ಬರುವರೆಂಬುದು ಮಕ್ಕಳಿಗೆ ಗೊತ್ತಿರಲಿ, ಮಾತನಾಡಲು ಬಾಗಿಲು ಮುಚ್ಚಬಹುದಾದ ಒಂದು ಕೊಠಡಿ ಇರಲಿ, ಮಗು ಹೇಳಿದ್ದು, ಅದರ ಪ್ರಾಣಕ್ಕೆ ಅಪಾಯವಿದ್ದ ಹೊರತು, ಮುಖ್ಯೋಪಾಧ್ಯಾಯರ ಮೇಜಿಗೂ ಹೋಗದಿರಲಿ. ಅವರನ್ನು ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರಿಗೆ ಹೊಣೆ ಮಾಡಕೂಡದು. ಚುನಾವಣೆಯ ಕೆಲಸಕ್ಕಾಗಲಿ ಪರೀಕ್ಷೆಯ ಕೊಠಡಿ ಕಾಯುವುದಕ್ಕಾಗಲಿ ಒಂದು ದಿನವೂ ಕರೆಯಕೂಡದೆಂದು ನೇಮಕದ ಆದೇಶದಲ್ಲಿಯೇ ಬರೆಯತಕ್ಕದ್ದು.