ದಿನಕ್ಕೊಂದು ಎಕರೆ

ಕೇಂದ್ರ ಸರ್ಕಾರದ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಾವಳಿಯು 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ, ಮೂರು ಬಗೆಯಾಗಿ ವಿಂಗಡಿಸಬೇಕೆಂದಿದ್ದ ಕಸವನ್ನು ನಾಲ್ಕು ಬಗೆ ಮಾಡಿದುದರ ಔಚಿತ್ಯ, ದೊಡ್ಡ ಪ್ರಮಾಣದಲ್ಲಿ ಕಸ ಹೊರಹಾಕುವವರ ಹೊಣೆ, ದಂಡದ ಪ್ರಮಾಣ ಮುಂತಾದವುಗಳ ಮೇಲೆ ಚರ್ಚೆ ಸಾಕಷ್ಟು ನಡೆದಿದೆ. ಆ ಚರ್ಚೆಯೆಲ್ಲವೂ ಬೆಂಗಳೂರನ್ನೇ ಕಣ್ಣಮುಂದಿಟ್ಟುಕೊಂಡು ನಡೆದುದಾದ್ದರಿಂದ, ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳಂಥ ಊರುಗಳ ಪಾಲಿಗೆ ಅದರಿಂದ ದೊರೆತ ಉಪದೇಶವೆಂದರೆ, ನಾಲ್ಕೂ ಊರು ಕೂಡಿ ಒಂದು ಭೂಭರ್ತಿ ಜಾಗವನ್ನು ಹುಡುಕಿಕೊಳ್ಳಿ, ಇಲ್ಲವೆ ಕಸದಿಂದ ವಿದ್ಯುತ್ತನ್ನು ತೆಗೆಯುವ ಯಂತ್ರವನ್ನು ತನ್ನಿ ಎಂಬಷ್ಟೆ. ಈ ಎರಡು ಉಪದೇಶಗಳೂ ತಪ್ಪೆಂದು ಮೊದಲಿಗೇ ಹೇಳಿಬಿಡುತ್ತೇನೆ. ಈ ಊರುಗಳಿಗೆ ಬೇಕಾದುದು ಹಸಿಕಸವನ್ನು ಶುದ್ಧವಾಗಿ ಹೊಲಕ್ಕೆ ಮುಟ್ಟಿಸುವ ಏರ್ಪಾಡು. ಅದರ ವಿದ್ಯೆ ಈ ನಾಡಿನಲ್ಲಿಯೇ 1939ರಲ್ಲಿ ಸಿದ್ಧವಾಗಿತ್ತು. ಅದಕ್ಕೆ ಎಷ್ಟು ಹೊಲ ಬೇಕೆಂಬ ಲೆಕ್ಕವನ್ನು ಮಾತ್ರ ಯಾರೂ ಹಾಕಿದಂತೆ ಕಾಣುವುದಿಲ್ಲ.

ಆ ಲೆಕ್ಕವನ್ನು ಹಾಕೋಣ. 2001ರ ಜನಗಣತಿಯಲ್ಲಿ ಈ ನಾಲ್ಕು ಪಟ್ಟಣಗಳಲ್ಲಿ ಯಾವುದೊಂದರ ಜನಸಂಖ್ಯೆಯೂ 25 ಸಾವಿರವನ್ನು ಮುಟ್ಟಿರಲಿಲ್ಲ. ನಾಲ್ಕೂ ಸೇರಿ ಸುಮಾರು 80 ಸಾವಿರ. ಅಲ್ಲಿಂದೀಚಿನ ಬೆಳವಣಿಗೆಯನ್ನು ಸೇರಿಸಿ ಲೆಕ್ಕದ ಅನುಕೂಲಕ್ಕಾಗಿ ಒಂದು ಲಕ್ಷವೆಂದು ಇಟ್ಟುಕೊಳ್ಳಬಹುದು. ಸಣ್ಣ ಪಟ್ಟಣಗಳಲ್ಲಿ ತಲೆಯೊಂದಕ್ಕೆ ದಿನಕ್ಕೆ 200ರಿಂದ 300 ಗ್ರಾಂ ಕಸ ಹುಟ್ಟುತ್ತದೆಂಬುದು ಕೇಂದ್ರ ಸರ್ಕಾರದ ಕೈಪಿಡಿಯೇ ಒಪ್ಪಿರುವ ಪ್ರಮಾಣ. ನಡುವಣ 250 ಗ್ರಾಂ ಹಿಡಿದರೆ ನಾಲ್ಕೂ ಪಟ್ಟಣಗಳ ದಿನದ ಕಸ 25 ಟನ್. ಅದರಲ್ಲಿ ಅರ್ಧದಷ್ಟಾದರೂ ಅಡುಗೆಮನೆಯ, ಹೂವಿನಂಗಡಿಯ, ತರಕಾರಿ ಸಂತೆಯ ಹಸಿಕಸ. ಅದು ಕೊಳೆತು ಹದವಾದಾಗ ತೂಕದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಉಳಿಯುತ್ತದೆ. ಎಂದರೆ ದಿನಕ್ಕೆ 3 ಟನ್ ಗೊಬ್ಬರ. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 7.5 ಟನ್ ಕೊಟ್ಟಿಗೆಗೊಬ್ಬರ ಹಾಕಬೇಕೆಂಬುದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಶಿಫಾರಸು. ಎಕರೆಗೆ ಅದೇ 3 ಟನ್. ಹೀಗಾಗಿ ನಾಲ್ಕು ಪಟ್ಟಣಗಳ ಹಸಿಕಸವೆಲ್ಲ ಕೂಡಿದರೆ ದಿನಕ್ಕೊಂದು ಎಕರೆ ರಾಗಿ ಹೊಲದ ಗೊಬ್ಬರ. ವರ್ಷಕ್ಕೆ 365 ಎಕರೆ.

ಇಷ್ಟೇ. ನಾಲ್ಕು ತಾಲ್ಲೂಕು ಕೇಂದ್ರಗಳ ಹಸಿಕಸವನ್ನು ಅರಗಿಸಿಕೊಳ್ಳುವುದಕ್ಕೆ ಬೇಕಾದ ಭೂಮಿ ಒಂದೆರಡು ಹಳ್ಳಿಗಳ ಬೇಸಾಯದ ಭೂಮಿಯಷ್ಟು ಮಾತ್ರ. ಆ ನಾಲ್ಕು ತಾಲ್ಲೂಕುಗಳಲ್ಲಿ ಹಳ್ಳಿಗಳಿರುವುದು ನೂರುಗಟ್ಟಲೆ. ಗೊಬ್ಬರವನ್ನು ಕೊಳ್ಳುವವರಿಲ್ಲ ಎಂಬ ಆಡಳಿತದ ಮಾತಿಗೂ, ಕಸದಿಂದ ಕೋಟಿ ಸಂಪಾದಿಸಬಹುದೆಂಬ ಗುತ್ತಿಗೆದಾರರ ಮಾತಿಗೂ ಈ ಒಂದು ಅಂಕೆ ಸಮವಾಗಿಯೇ ಉತ್ತರ ಹೇಳುತ್ತದೆ. ಇದು ಲಾಭದ ವ್ಯಾಪಾರವಾಗಲಾರದು. ನಿಭಾಯಿಸಲಾಗದ ಭಾರವೂ ಆಗಲಾರದು. ಯಂತ್ರದ ಮಾತಿಗಂತೂ ಇನ್ನೊಂದು ಹೋಲಿಕೆ ಸಾಕು. ಬಿಡದಿಯಲ್ಲಿ ಕಸದಿಂದ 11.5 ಮೆಗಾವ್ಯಾಟ್ ವಿದ್ಯುತ್ತನ್ನು ತೆಗೆಯಲೆಂದು ಕಟ್ಟಿದ ಘಟಕಕ್ಕೆ ದಿನಕ್ಕೆ 600 ಟನ್ ಕಸ ಬೇಕು. ನಮ್ಮ ನಾಲ್ಕು ಊರುಗಳು ಕೂಡಿ ಕೊಡಬಲ್ಲುದು ಅದರ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು, ಅದರಲ್ಲಿಯೂ ಅರ್ಧ ಬಾಳೆಲೆ ಮತ್ತು ಸೊಪ್ಪಿನ ದಂಟು. ಒದ್ದೆ ಸೌದೆಯಿಂದ ಒಲೆ ಹೊತ್ತುವುದಿಲ್ಲವೆಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಇನ್ನು ಭೂಭರ್ತಿಯ ವಿಚಾರ: ಬೆಂಗಳೂರಿನ ಕಸವನ್ನು ಹೊತ್ತ ಮಾವಳ್ಳಿಪುರ, ಮಂಡೂರುಗಳ ಜನ ಏನನ್ನು ಅನುಭವಿಸಿದರು, 2012ರಲ್ಲಿ ಒಂದೂ 2014ರ ಕೊನೆಯಲ್ಲಿ ಇನ್ನೊಂದೂ ಹೇಗೆ ಮುಚ್ಚಬೇಕಾಯಿತು ಎಂಬುದನ್ನು ಓದುಗರು ಮರೆತಿರಲಾರರು. ಅದೇ ಪಾಡನ್ನು ಚಿಕ್ಕ ಪ್ರಮಾಣದಲ್ಲಿ ಪಾಂಡವಪುರದ ಅಥವಾ ಕೆ.ಆರ್. ಪೇಟೆಯ ಯಾವುದೋ ಒಂದು ಹಳ್ಳಿಯ ತಲೆಗೆ ಕಟ್ಟುವುದಕ್ಕೆ ಯಾವ ನ್ಯಾಯವಿದೆ?

1939ರ ಮಾತಿಗೆ ಬರುತ್ತೇನೆ. ಆ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯರು, ಪಟ್ಟಣದ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆ, ಆರರಿಂದ ಎಂಟು ತಿಂಗಳು ಬಿಟ್ಟು ಗೊಬ್ಬರ ಮಾಡುವ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದರು. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡರು ಅದಕ್ಕೆ ಕೆಲವು ವರ್ಷ ಮೊದಲೇ ತೋರಿಸಿಕೊಟ್ಟಿದ್ದ ಕ್ರಮದಲ್ಲಿ ರಾಶಿಯನ್ನು ಮತ್ತೆಮತ್ತೆ ಮಗುಚಬೇಕಾಗಿತ್ತು. ಕೂಲಿಗೆ ಹಣವಿಲ್ಲದ ಸಣ್ಣ ಪುರಸಭೆಗಳಿಗೆ ಅದು ಭಾರ. ಆಚಾರ್ಯರ ಕ್ರಮವು ಆ ಭಾರವನ್ನು ಇಳಿಸಿತು, ಮಣ್ಣಿನ ಮುಚ್ಚಳದಿಂದ ನೊಣಗಳನ್ನು ತಡೆಯಿತು, ಸಾರಜನಕ ಹಾರಿಹೋಗದಂತೆ ಕಾಪಾಡಿತು. 1956ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಾಲ್ಡ್ ಗೋಟಾಸರಿಂದ ಬರೆಯಿಸಿ ಪ್ರಕಟಿಸಿದ ಗೊಬ್ಬರ ತಯಾರಿಕೆಯ ಗ್ರಂಥದಲ್ಲಿ ಈ ವಿಧಾನಕ್ಕೆ ಸ್ಥಾನ ದೊರೆಯಿತು. ಇಂದಿಗೂ ಕೃಷಿ ಪಾಠಪುಸ್ತಕಗಳಲ್ಲಿ ಅದರ ಹೆಸರು ‘ಬೆಂಗಳೂರು ವಿಧಾನ’ವೆಂದೇ ಇದೆ. ನಮ್ಮ ರಾಜಧಾನಿಯ ಹೆಸರಿನಲ್ಲಿ ಲೋಕವೆಲ್ಲ ಓದುವ ವಿದ್ಯೆಯೊಂದು ಮಂಡ್ಯ ಜಿಲ್ಲೆಯ ಪಟ್ಟಣಗಳ ಯೋಜನಾ ವರದಿಗಳಲ್ಲಿ ಮುಖ್ಯಸ್ಥಾನಕ್ಕೆ ಬಾರದಿರುವುದು ನನಗೆ ಸಹಿಸಲಾಗದ ಸಂಗತಿ.

ಹಾಗಾದರೆ ಆ ವಿದ್ಯೆ ಕೈಬಿಟ್ಟುಹೋದುದೇಕೆ? ವಿದ್ಯೆಯಲ್ಲಿ ದೋಷವಿರಲಿಲ್ಲ, ಬುಟ್ಟಿಯೊಳಗಿನ ಪದಾರ್ಥ ಬದಲಾಯಿತು. ಆ ಕಾಲದ ಮನೆಯ ಕಸವೆಂದರೆ ಬೂದಿ, ತರಗು, ಸಗಣಿ, ಸಿಪ್ಪೆ. ಬಲಿಪಾಡ್ಯಮಿಯ ಸಂಜೆ ತಿಪ್ಪೆಯ ಮೇಲೆ ಹುಚ್ಚೆಳ್ಳಿನ ಹೂವಿಟ್ಟು ದೀಪ ಹಚ್ಚುತ್ತಿದ್ದ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ತಿಪ್ಪೆಯು ಮನೆಯ ಐಶ್ವರ್ಯದ ಒಂದು ಅಂಗವಾಗಿತ್ತು. ಅದರೊಳಗೆ ಕೈಯಿಡಲು ಹೇಸಬೇಕಾದುದೂ ಹೆದರಬೇಕಾದುದೂ ಏನೂ ಇರಲಿಲ್ಲ. ಈಗ ಏನಿದೆಯೆಂಬುದನ್ನು ನಾನು ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಕಣ್ಣಾರೆ ಕಂಡೆ. ಪಟ್ಟಣವೊಂದರಿಂದ ಉಚಿತವಾಗಿ ಬಂದಿಳಿದಿದ್ದ ಒಂದು ಟ್ರ್ಯಾಕ್ಟರು ಗೊಬ್ಬರವನ್ನು ರೈತರೊಬ್ಬರು ಬೊಗಸೆಯಲ್ಲಿ ಎತ್ತಿ, ಬೆರಳ ಸಂದಿಯಿಂದ ನಿಧಾನವಾಗಿ ಸುರಿಯುತ್ತ, ಉಳಿದುದನ್ನು ಬದುವಿನ ಕಲ್ಲಿನ ಮೇಲೆ ಒಂದೊಂದಾಗಿ ಇಟ್ಟು ತೋರಿಸಿದರು: ಗುಟ್ಕಾ ಪೊಟ್ಟಣದ ತುಂಡುಗಳು, ಶಾಂಪೂ ಸ್ಯಾಚೆ, ಒಡೆದ ಬಲ್ಬಿನ ಗಾಜು, ತುಕ್ಕು ಹಿಡಿದ ಅರ್ಧ ಬ್ಲೇಡು, ಗಡಿಯಾರದ ಒಂದು ಸೆಲ್ಲು. ಮಣ್ಣು ಕಪ್ಪಾಗಿತ್ತು, ಪುಡಿಪುಡಿಯಾಗಿತ್ತು, ಮಳೆ ಬಿದ್ದ ನೆಲದ ವಾಸನೆ ಅದಕ್ಕಿತ್ತು. “ಗೊಬ್ಬರ ಚಂದಾಗೇ ಅದೆ ಸ್ವಾಮಿ. ಆದ್ರೆ ನಮ್ಮೆಣ್ಮಕ್ಳು ಕಳೆ ಕೀಳೋದು ಬರಿಗೈಯಲ್ಲಿ, ನಿಂತ್ಕೊಳೋದು ಬರಿಗಾಲಲ್ಲಿ” ಎಂದರು.

ಆ ಎರಡು ಮಾತುಗಳಲ್ಲಿ ಇಡೀ ಸಮಸ್ಯೆ ಅಡಗಿದೆಯೆಂದು ನಾನು ತಿಳಿದಿದ್ದೇನೆ. ರೈತನು ಗೊಬ್ಬರವನ್ನು ನಿರಾಕರಿಸುತ್ತಿಲ್ಲ, ಬ್ಲೇಡನ್ನು ನಿರಾಕರಿಸುತ್ತಿದ್ದಾನೆ. ಗಾಜು ಕಣ್ಣಿಗೆ ಕಾಣುತ್ತದೆ. ಸೆಲ್ಲಿನಿಂದ ಸೋರಿ ಮಣ್ಣಿಗಿಳಿಯುವ ಕ್ಯಾಡ್ಮಿಯಮ್ಮು, ಸೀಸಗಳು ಕಾಣುವುದಿಲ್ಲ. ಬೆರೆತ ಕಸವನ್ನು ಜರಡಿ ಹಿಡಿದು ಬೇರ್ಪಡಿಸುತ್ತೇವೆಂಬ ಯಾವ ಯಂತ್ರವೂ ಈ ಕಾಣದ ವಿಷವನ್ನು ಹಿಂದಕ್ಕೆ ತೆಗೆಯಲಾರದು. ಆದುದರಿಂದ ಮನೆಬಾಗಿಲಲ್ಲಿ ಬೇರೆಯಾಗದ ಕಸ ಮುಂದೆ ಎಲ್ಲಿಯೂ ಬೇರೆಯಾಗುವುದಿಲ್ಲ. ಹೊಸ ನಿಯಮಾವಳಿಯು ಸೆಲ್ಲು, ಔಷಧ, ಬಣ್ಣದ ಡಬ್ಬಗಳಿಗೂ ನೈರ್ಮಲ್ಯ ತ್ಯಾಜ್ಯಕ್ಕೂ ಬೇರೆಬೇರೆ ಬುಟ್ಟಿಗಳನ್ನು ವಿಧಿಸಿರುವುದು ಈ ದೃಷ್ಟಿಯಿಂದ ಸರಿಯೇ. ನನ್ನ ತಕರಾರು ಬೇರೆ. ಬುಟ್ಟಿಗಳನ್ನು ಎಣಿಸುವ ನಿಯಮ, ಹೊಲಕ್ಕೆ ಹೋದ ಗೊಬ್ಬರವನ್ನು ಎಣಿಸುವುದಿಲ್ಲ.

ಎಣಿಸದಿದ್ದರೆ ಏನಾಗುತ್ತದೆಂಬುದಕ್ಕೆ ಪೂರ್ವೋದಾಹರಣೆಗಳು ಬೇಕಾದಷ್ಟಿವೆ. 2000ದ ನಿಯಮಾವಳಿಯು ಕಸ ಸಂಸ್ಕರಣೆಯ ಏರ್ಪಾಡಿಗೆ 2003ರ ಡಿಸೆಂಬರ್ 31ನ್ನು ಗಡುವಾಗಿ ಇಟ್ಟಿತ್ತು. ಅದು ಕಳೆಯಿತು. 2016ರ ನಿಯಮಾವಳಿಯು ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಮೂರು ವರ್ಷ ಕೊಟ್ಟಿತು, ಎಂದರೆ 2019. ಅದೂ ಕಳೆಯಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿಯಂತೆ ದೇಶದಲ್ಲಿ ದಿನವೊಂದಕ್ಕೆ ಹುಟ್ಟುವ ಸುಮಾರು 1,60,000 ಟನ್ ಕಸದಲ್ಲಿ ಅರ್ಧ ಸಂಸ್ಕರಣೆಗೊಂಡಿತು, ಶೇ 18.4 ಭೂಭರ್ತಿಗೆ ಹೋಯಿತು, ಉಳಿದ ಶೇ 31.7 ಲೆಕ್ಕಕ್ಕೇ ಸಿಗಲಿಲ್ಲ. ಲೆಕ್ಕಕ್ಕೆ ಸಿಗದ ಆ ಮೂರನೆಯ ಒಂದು ಪಾಲು ಎಲ್ಲಿದೆಯೆಂದು ಕೇಳುವವರು ನಮ್ಮ ಯಾವುದೇ ಪಟ್ಟಣದ ಹೊರವಲಯದ ಹಳ್ಳದ ಕಡೆಗೆ ಮುಂಜಾನೆ ಒಮ್ಮೆ ನಡೆದುಬಂದರೆ ಸಾಕು. 2022ರ ಅಕ್ಟೋಬರಿನಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ತ್ರಿವೇಣಿ ಸಂಗಮದಲ್ಲಿ ಲಕ್ಷಾಂತರ ಜನ ಕುಂಭಮೇಳದ ಪುಣ್ಯಸ್ನಾನ ಮಾಡಿದರು. ಅದೇ ತಿಂಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಘನ ಮತ್ತು ದ್ರವ ತ್ಯಾಜ್ಯಗಳನ್ನು ಸರಿಯಾಗಿ ನಿರ್ವಹಿಸದಿದ್ದುದಕ್ಕಾಗಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿಗಳ ಪರಿಹಾರದ ಹೊರೆಯನ್ನು ವಿಧಿಸಿತು. ನದಿಯನ್ನು ತಾಯಿಯೆಂದು ಪೂಜಿಸುವ ನಾಡಿಗೆ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಬೇಕಾಗಿ ಬಂದುದು ದುಃಖದ ಸಂಗತಿ.

ನದಿಯ ಮಾತು ಬಂದುದರಿಂದ ಶ್ರೀರಂಗಪಟ್ಟಣದ ವಿಶೇಷ ಹೊಣೆಯನ್ನೂ ಹೇಳಬೇಕು. ಸುತ್ತಲೂ ಕಾವೇರಿ ಹರಿಯುವ ಈ ದ್ವೀಪದಲ್ಲಿ ಬೀದಿಯ ಕಸಕ್ಕೂ ಹೊಳೆಗೂ ನಡುವೆ ಇರುವುದು ಒಂದು ಮಳೆಯ ಅಂತರ ಮಾತ್ರ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ ಪಶ್ಚಿಮವಾಹಿನಿಯಲ್ಲಿ ಇಂದು ಅಸ್ಥಿಯ ಜೊತೆಗೆ ಮೃತರ ಬಟ್ಟೆ, ಪ್ಲಾಸ್ಟಿಕ್ಕಿನ ಚೀಲ, ಪಟ ಎಲ್ಲವೂ ನೀರಿಗೆ ಬೀಳುತ್ತವೆ. ತೀರ್ಥಸ್ಥಳಗಳ ಬಳಿ ನದಿಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದೆಂದು ಅರಣ್ಯ ಮತ್ತು ಪರಿಸರ ಸಚಿವರು 2025ರ ಮಾರ್ಚಿನಲ್ಲಿ ಸೂಚನೆ ಕೊಟ್ಟುದು ಸ್ವಾಗತಾರ್ಹವಾದರೂ, ಘಟ್ಟದ ಮೇಲೆ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಇಡುವ ಒಬ್ಬ ಮನುಷ್ಯನೂ ಒಂದು ತೊಟ್ಟಿಯೂ ಇಲ್ಲದೆ ಅದೊಂದರಿಂದಲೇ ಹೊಳೆ ಶುದ್ಧವಾಗಲಾರದು. 2022ರಲ್ಲಿ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟು ಪಕ್ಷಿಧಾಮವೂ ಇದೇ ತಾಲ್ಲೂಕಿನಲ್ಲಿದೆ. ಬೆಂಗಳೂರಿನವರೂ ಇದನ್ನು ದೂರದ ಊರಿನ ವಿಚಾರವೆಂದು ಭಾವಿಸುವಂತಿಲ್ಲ: ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ ಅವರ ನಲ್ಲಿಗೆ ಬರುವ ಕಾವೇರಿ ಶ್ರೀರಂಗಪಟ್ಟಣವನ್ನು ಬಳಸಿಕೊಂಡೇ ಕೆಳಕ್ಕೆ ಹರಿದದ್ದು.

ಆರೋಗ್ಯದ ವಿಷಯದಲ್ಲಿ ಹೆಚ್ಚು ವಿಸ್ತರಿಸುವ ಅಗತ್ಯವಿಲ್ಲ. ಕಸಕ್ಕೆ ಬೆಂಕಿಯಿಟ್ಟಾಗ ಪ್ಲಾಸ್ಟಿಕ್ಕಿನಿಂದ ಏಳುವ ಡಯಾಕ್ಸಿನ್, ರಾಶಿಯಲ್ಲಿ ಹೆಚ್ಚುವ ಇಲಿಗಳಿಂದ ಬರುವ ಇಲಿಜ್ವರ ಇವೆಲ್ಲ ಗೊತ್ತಿರುವುದೇ. ಒಂದನ್ನು ಮಾತ್ರ ಒತ್ತಿಹೇಳುತ್ತೇನೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ನೀರು ನಿಲ್ಲಗೊಟ್ಟ ಮನೆ ಅಂಗಡಿಗಳಿಗೆ ದಂಡ ಗೊತ್ತುಮಾಡಿತು. ತೆಂಗಿನ ಸೀಮೆಯಾದ ಮಂಡ್ಯದ ಹೆದ್ದಾರಿಯ ಬದಿಯಲ್ಲಿ ಎಳನೀರಿನ ಬುರುಡೆಗಳ ರಾಶಿಯನ್ನು ಮಳೆ ಬಂದ ಮಾರನೆಯ ವಾರ ನೋಡಿದವರಿಗೆ, ಪ್ರತಿಯೊಂದು ಬುರುಡೆಯ ತಳದಲ್ಲಿಯೂ ಒಂದು ಗುಟುಕು ನೀರು, ಆ ನೀರಿನಲ್ಲಿ ಡೊಂಕಾಗಿ ನೆಗೆಯುವ ಹುಳುಗಳು ಕಾಣುತ್ತವೆ. ಗೃಹಿಣಿಯ ಅಂಗಳದ ಹೂಕುಂಡಕ್ಕೆ ದಂಡ ಹಾಕುವ ಮೊದಲು ಈ ಬುರುಡೆಗಳನ್ನು ಸೀಳಿ ಪುಡಿಮಾಡುವ ಏರ್ಪಾಡು ಆಗಬೇಕಿತ್ತು. ಪುಡಿಯಾದ ಬುರುಡೆ ಮೊದಲೇ ಹೇಳಿದ ಗುಂಡಿಗಳಿಗೆ ಉತ್ತಮವಾದ ಪದರ.

ನಮ್ಮ ಜನ ಕಸವನ್ನು ಬೇರ್ಪಡಿಸುವವರಲ್ಲ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಶ್ರೀರಂಗಪಟ್ಟಣದಿಂದ ಹತ್ತು ಮೈಲಿಯಷ್ಟು ದೂರದ ಮೈಸೂರಿನಲ್ಲಿಯೇ ಇದಕ್ಕೆ ಸಾಕ್ಷಿ ಎರಡೂ ಕಡೆಗಿದೆ: ಬೇರ್ಪಡಿಸಿದ ಕಸವನ್ನು ಊರೊಳಗೇ ಕರಗಿಸುವ ಕುಂಬಾರಕೊಪ್ಪಲಿನ ಘಟಕ ಒಂದು ಕಡೆ, ಬೆರೆತ ಕಸ ವರ್ಷಗಟ್ಟಲೆ ಬೆಟ್ಟವಾಗಿ ಬೆಳೆದ ವಿದ್ಯಾರಣ್ಯಪುರದ ಸೂಯೇಜ್ ಫಾರಂ ಇನ್ನೊಂದು ಕಡೆ. ಊರು ಒಂದೇ, ಜನರೂ ಅವರೇ. ಬೇರೆಯಾದುದು ಕಸ ತೆಗೆದುಕೊಳ್ಳುವ ಕ್ರಮ. ಗೃಹಿಣಿಯು ಬೇರೆಮಾಡಿ ಕೊಟ್ಟ ಎರಡು ಬುಟ್ಟಿಗಳನ್ನು ಆಟೋದವನು ಅವಳ ಕಣ್ಣೆದುರಿಗೇ ಒಂದೇ ಡಬ್ಬಕ್ಕೆ ಸುರಿದನೆಂದರೆ ಮಾರನೆಯ ದಿನ ಅವಳು ಏತಕ್ಕೆ ಬೇರ್ಪಡಿಸಬೇಕು? ಆಟೋದವನನ್ನೂ ದೂರಲಾಗದು, ಡಬ್ಬದಲ್ಲಿ ಪಾಲುಗಳಿಲ್ಲದ ಗಾಡಿಯನ್ನು ಅವನಿಗೆ ಕೊಟ್ಟವರು ಯಾರೋ. ಕೈಗವಸಿಲ್ಲದೆ ಬೆರೆತ ಕಸವನ್ನು ಕೆದಕುವ ಪೌರಕಾರ್ಮಿಕರ ಬೆರಳುಗಳಿಗೆ ಚುಚ್ಚುವುದೂ ರಾಗಿ ಹೊಲದ ಹೆಣ್ಣುಮಕ್ಕಳ ಪಾದಕ್ಕೆ ಚುಚ್ಚುವುದೂ ಒಂದೇ ಬ್ಲೇಡು.

ಈ ನಾಲ್ಕು ಪುರಸಭೆಗಳು ತಮ್ಮ ತಿಂಗಳ ಸಭೆಯಲ್ಲಿ ಎರಡೇ ಎರಡು ಸಂಗತಿಗಳನ್ನು ಓದಿ ಹೇಳಬೇಕೆಂಬುದು ನನ್ನ ಬೇಡಿಕೆ: ಈ ತಿಂಗಳು ಎಷ್ಟು ಎಕರೆಗೆ ಗೊಬ್ಬರ ಹೋಯಿತು, ಅದನ್ನು ಹಾಕಿಸಿಕೊಂಡ ರೈತ ಮತ್ತೆ ಕೇಳಿದನೇ. ಎಷ್ಟು ಟನ್ ಸಂಗ್ರಹವಾಯಿತು, ಎಷ್ಟು ಗಾಡಿ ಖರೀದಿಯಾಯಿತು ಎಂಬ ವರದಿಗಳು ಬೇಡ. ಗುಂಡಿಗೆ ಬೇಕಾದ ಜಾಗ ಅಲ್ಪ. ಒಂದೇ ಕಡೆ ಇರಬೇಕೆಂದೂ ಇಲ್ಲ. ನಾಗಮಂಗಲ, ಕೆ.ಆರ್. ಪೇಟೆಗಳಲ್ಲಿ ನಾಲೆಯ ನೀರಿಲ್ಲದ ಬೆದ್ದಲು ಹೊಲಗಳಿಗೆ ಮೊದಲ ಪಾಲು ಸಲ್ಲಬೇಕು. ಕಬ್ಬು ಭತ್ತಗಳಿಂದ ದಣಿದ ಪಾಂಡವಪುರದ ನಾಲಾಬಯಲಿಗೆ ಆಮೇಲೆ. ಮುಂಗಾರು ಹಿಡಿಯುವ ಹೊತ್ತಿಗೆ ತುಂಬಿ ಮುಚ್ಚಿದ ಗುಂಡಿ ಸಂಕ್ರಾಂತಿಗೆ ಹದವಾಗುತ್ತದೆ. ನಮ್ಮ ರೈತರು ಹೊಲಕ್ಕೆ ಗೊಬ್ಬರ ಹೊಡೆಯುವುದು ಯುಗಾದಿ ಕಳೆದ ಮೇಲೆ. ಜರಡಿ ಹಿಡಿದು ನೋಡಲು ನಡುವೆ ಎರಡು ತಿಂಗಳು ಕೈಯಲ್ಲಿರುತ್ತದೆ.