ಬೆಟ್ಟದ ಅಸಲು, ಬಯಲಿನ ಬಡ್ಡಿ

'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಬೇಸಿಗೆಯ ರಜೆ ಬಂದೊಡನೆ ಮಸ್ಸೂರಿಗೋ ಬದರಿನಾಥಕ್ಕೋ ಹೊರಟು ನಿಲ್ಲುವ ದೆಹಲಿಯ ಕುಟುಂಬಗಳು ಆ ಗಾದೆಯ ಅರ್ಥವನ್ನು ಎಷ್ಟರಮಟ್ಟಿಗೆ ಮನಗಂಡಿವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಪೂರ್ವ ಮತ್ತು ದಕ್ಷಿಣ ದೆಹಲಿಯ ಅನೇಕ ಮನೆಗಳ ನಲ್ಲಿಯಲ್ಲಿ ಹರಿಯುವುದು ಗಂಗೆಯ ನೀರು. ತೆಹ್ರಿ ಜಲಾಶಯದಿಂದ ರಾಜಧಾನಿಗೆಂದು 300 ಕ್ಯೂಸೆಕ್ಸ್ ನೀರು ಗೊತ್ತುಪಡಿಸಲಾಗಿದೆ. ಆ ಜಲಾಶಯದ ತಳದಲ್ಲಿ 2005ರಲ್ಲಿ ಮುಳುಗಿದ ಹಳೆಯ ತೆಹ್ರಿ ಪಟ್ಟಣವಿದೆ. ನೀರಿನ ಬಿಲ್ಲನ್ನು ತಿಂಗಳು ತಿಂಗಳೂ ಸಲ್ಲಿಸುವ ಬಯಲಿನ ನಾಗರಿಕನಿಗೆ ಬೆಟ್ಟದವರ ಋಣ ಅಷ್ಟಕ್ಕೇ ತೀರಿತೆಂಬ ಭಾವನೆಯಿದೆ. ಅದು ತೀರಿಲ್ಲ.

ಗಢವಾಲ ಮತ್ತು ಕುಮಾವ್ಞ್ ಪ್ರದೇಶಗಳ ಹಳ್ಳಿಗರು ತಲೆಮಾರುಗಳಿಂದ ಕಾಡಿನೊಡನೆ ನಡೆಸಿಕೊಂಡು ಬಂದ ವ್ಯವಹಾರವನ್ನು ಒಂದು ಮಾತಿನಲ್ಲಿ ಹೇಳಬಹುದು: ಬಡ್ಡಿಯನ್ನು ಉಂಡರು, ಅಸಲನ್ನು ಮುಟ್ಟಲಿಲ್ಲ. ಬಾಂಜ್ ಎಂದು ಕರೆಯುವ ಓಕ್ ಮರದ ಸೊಪ್ಪು ದನಗಳಿಗೆ ಮೇವು, ಉದುರಿದ ಎಲೆ ಹೊಲಕ್ಕೆ ಗೊಬ್ಬರ, ಒಣ ರೆಂಬೆ ಒಲೆಗೆ ಸೌದೆ. ಬಾಂಜ್ ಕಾಡಿನ ಎಲೆಹಾಸು ಮಳೆಯ ನೀರನ್ನು ಹೀರಿ ನೆಲಕ್ಕಿಳಿಸಿ, ನೌಲಾ ಎಂಬ ಚಿಲುಮೆಗಳಲ್ಲಿ ಬೇಸಿಗೆಯಲ್ಲೂ ನೀರು ಒಸರುವಂತೆ ನೋಡಿಕೊಳ್ಳುತ್ತಿತ್ತು. ಕಾಡು ಕೆಟ್ಟರೆ ಮೊದಲು ಬತ್ತುವುದು ತಮ್ಮ ಕೊಡವೇ ಎಂಬುದನ್ನು ಆ ಹೆಂಗಸರಿಗೆ ಯಾರೂ ಪಾಠ ಮಾಡಿ ಹೇಳಬೇಕಾಗಿರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಈ ಲೆಕ್ಕ ಬದಲಾಯಿತು. ರೈಲುಹಳಿಯ ಅಡಿಪಟ್ಟಿಗಳಿಗೂ ರಾಳದ ಉದ್ಯಮಕ್ಕೂ ಒದಗುವ ಮರಗಳಿಗೆ ಪ್ರಾಶಸ್ತ್ಯ ದೊರೆತು, ಚೀಡ್ ಎಂಬ ಪೈನ್ ಮರ ಹರಡಿತು. ಅದರ ಸೂಜಿಯಂತಹ ಎಲೆ ದನಕ್ಕೆ ಮೇವಾಗದು. ಬೇಸಿಗೆಯಲ್ಲಿ ಮಾತ್ರ ಬೆಂಕಿಗೆ ಸುಲಭದ ತುತ್ತಾಗುವುದು. 1921ರಲ್ಲಿ ಕುಮಾವ್ಞ್ ಜನರು ಅರಣ್ಯ ಕಾಯಿದೆಗಳ ವಿರುದ್ಧ ಪ್ರತಿಭಟಿಸಿದರು. ಅದರ ಫಲವಾಗಿ 1931ರಲ್ಲಿ ವನ ಪಂಚಾಯಿತಿಗಳ ನಿಯಮಗಳು ರೂಪುಗೊಂಡು, ಊರಿನ ಸಮೀಪದ ಕೆಲವು ಕಾಡುಗಳ ಆಡಳಿತ ಊರಿನವರ ಕೈಗೇ ಬಂದಿತು. ಇಂದಿಗೂ ಉತ್ತರಾಖಂಡದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವನ ಪಂಚಾಯಿತಿಗಳಿವೆ.

1970ರ ಜುಲೈ ತಿಂಗಳಿನಲ್ಲಿ ಅಲಕನಂದಾ ನದಿ ಉಕ್ಕಿ ಹರಿದು ಸೇತುವೆಗಳನ್ನೂ ಹೊಲಗಳನ್ನೂ ಕೊಚ್ಚಿಕೊಂಡು ಹೋಯಿತು. ಬೆಟ್ಟದ ಮಣ್ಣು ಬಯಲಿಗಿಳಿದು ಗಂಗಾ ಮೇಲ್ಕಾಲುವೆಯಲ್ಲಿ ಹೂಳಾಗಿ ತುಂಬಿತು. ಕಾಡು ಬೋಳಾದ ಕಡೆಗಳಲ್ಲಿ ಗುಡ್ಡ ಹೆಚ್ಚು ಕುಸಿದಿದ್ದುದನ್ನು ಗೋಪೇಶ್ವರದ ದಶೋಲಿ ಗ್ರಾಮ ಸ್ವರಾಜ್ಯ ಸಂಘದ ಚಂಡೀಪ್ರಸಾದ ಭಟ್ಟರು ಮತ್ತು ಅವರ ಸಂಗಡಿಗರು ಗುರುತಿಸಿದರು. 1973ರಲ್ಲಿ ಅದೇ ಸಂಘ ನೇಗಿಲು ನೊಗಗಳಿಗೆಂದು ಕೆಲವು ಅಂಗು ಮರಗಳನ್ನು ಕೇಳಿದಾಗ ಸರಕಾರ ನಿರಾಕರಿಸಿತು. ಅದೇ ಜಾತಿಯ ಮರಗಳನ್ನು ಆಟದ ಸಾಮಾನು ತಯಾರಿಸುವ ಅಲಹಾಬಾದಿನ ಕಂಪನಿಯೊಂದಕ್ಕೆ ಮಂಜೂರು ಮಾಡಿತು. ರೈತನ ನೊಗಕ್ಕೆ ಇಲ್ಲದ ಮರ ಆಟದ ಬ್ಯಾಟಿಗೆ ಇದ್ದಿತು! ಚಿಪ್ಕೋ ಚಳವಳಿ ಹುಟ್ಟಿದ್ದು ಈ ಅನ್ಯಾಯದಿಂದ.

1974ರ ಮಾರ್ಚ್ 26ರಂದು ರೇಣಿ ಗ್ರಾಮದ ಗಂಡಸರು, ಸೇನೆಗಾಗಿ ವಶಪಡಿಸಿಕೊಂಡ ಭೂಮಿಯ ಪರಿಹಾರಧನಕ್ಕೆಂದು ಚಮೋಲಿಗೆ ಹೋಗಿದ್ದರು. ಅದೇ ದಿನ ಸುಮಾರು 2,500 ಮರಗಳನ್ನು ಕಡಿಯಲು ಗುತ್ತಿಗೆದಾರನ ಕೂಲಿಗಳು ಬಂದರು. ಗೌರಾದೇವಿ ಎಂಬ ನಡುವಯಸ್ಸಿನ ವಿಧವೆ ಊರಿನ ಹೆಂಗಸರನ್ನೂ ಬಾಲಕಿಯರನ್ನೂ ಕರೆದುಕೊಂಡು ಹೋಗಿ ಅವರನ್ನು ತಡೆದು ನಿಲ್ಲಿಸಿದರು. ಆ ಕಾಡು ತಮಗೆ ತವರುಮನೆ ಎಂದು ಹೇಳಿದರು. ತವರಿನ ಅರ್ಥ ಬಲ್ಲ ಕನ್ನಡದ ಹೆಣ್ಣುಮಕ್ಕಳಿಗೆ ಆ ಮಾತಿಗೆ ವ್ಯಾಖ್ಯಾನ ಬೇಕಾಗಿಲ್ಲ. ಒಂಬತ್ತು ವರ್ಷಗಳ ಅನಂತರ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿಕೊಂಡು 'ಅಪ್ಪಿಕೋ' ಚಳವಳಿಯನ್ನು ಆರಂಭಿಸಿದ್ದು ಈ ಹಿಮಾಲಯದ ಮೇಲ್ಪಂಕ್ತಿಯನ್ನು ಅನುಸರಿಸಿಯೇ.

ಇಲ್ಲಿಯವರೆಗಿನ ಕಥೆ ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ಸಿಗುತ್ತದೆ. ಮುಂದಿನದು ಅಷ್ಟು ಪ್ರಚಾರ ಪಡೆದಿಲ್ಲ. ಹಳ್ಳಿಗರು ಕೇಳಿದ್ದು ತಮ್ಮ ಕಾಡಿನ ಮೇಲೆ ತಮ್ಮ ಹಕ್ಕು ಮತ್ತು ಅದನ್ನು ಆಧರಿಸಿದ ಸಣ್ಣ ಉದ್ಯೋಗ. ಅವರಿಗೆ ದೊರೆತದ್ದು ನಿಷೇಧ. 1,000 ಮೀಟರಿಗೆ ಮೇಲ್ಪಟ್ಟ ಪ್ರದೇಶದಲ್ಲಿ ಹಸಿರು ಮರಗಳ ವ್ಯಾಪಾರೀ ಕಡಿತಕ್ಕೆ ಹದಿನೈದು ವರ್ಷಗಳ ತಡೆ ಬಿದ್ದಿತು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಿಂದಾಗಿ ಹಳ್ಳಿಯ ರಸ್ತೆ ಮತ್ತು ನೀರಿನ ಕೊಳವೆಗಳ ಕಾಮಗಾರಿಗಳೂ ಅನುಮತಿಗಾಗಿ ಕಾದು ಕುಳಿತವು. ಜನರ ಅಸಮಾಧಾನ ಎಷ್ಟಿತ್ತೆಂದರೆ, ಚಿಪ್ಕೋ ನಡೆದ ಅದೇ ನಾಡಿನಲ್ಲಿ 1980ರ ದಶಕದ ಕೊನೆಗೆ ಮರ ಕಡಿಯುವ ಚಳವಳಿಯೂ ನಡೆಯಿತು. ಕಾಡುಳಿಸಿದ ಪುಣ್ಯ ದೇಶಕ್ಕೆ, ಅದರ ಖರ್ಚು ಬೆಟ್ಟದ ಹಳ್ಳಿಗೆ ಎಂಬಂತಾಯಿತು.

ಇಷ್ಟಾಗಿಯೂ ಅಸಲು ಉಳಿಯಿತೇ? 2021ರ ಫೆಬ್ರುವರಿ 7ರಂದು ಅದೇ ರೇಣಿ ಗ್ರಾಮದ ಮೇಲ್ಭಾಗದಲ್ಲಿ, ರೋಂಟಿ ಶಿಖರದಿಂದ ಸುಮಾರು 2.7 ಕೋಟಿ ಘನ ಮೀಟರುಗಳಷ್ಟು ಬಂಡೆ ಮತ್ತು ಹಿಮ ಕಳಚಿ ಕಣಿವೆಗೆ ಬಿದ್ದಿತು. ಪ್ರವಾಹ ಊರಿನ ಬುಡದಲ್ಲಿದ್ದ ಋಷಿಗಂಗಾ ವಿದ್ಯುತ್ ಯೋಜನೆಯನ್ನು ಅಳಿಸಿಹಾಕಿ, ಕೆಳಗಿನ ತಪೋವನದ ಸುರಂಗಕ್ಕೆ ನುಗ್ಗಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. ಅವರಲ್ಲಿ ಬಹುತೇಕರು ದುಡಿಯಲು ಬಂದ ಕಾರ್ಮಿಕರು. ಆ ಯೋಜನೆಯಲ್ಲಿ ಸ್ಫೋಟಕಗಳ ಬಳಕೆಯಿಂದ ಅಪಾಯವಿದೆಯೆಂದು ರೇಣಿಯ ನಿವಾಸಿಯೊಬ್ಬರು 2019ರಲ್ಲಿಯೇ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. ದುರಂತದ ಅನಂತರ, 2021ರ ಜುಲೈನಲ್ಲಿ, ಆ ಪ್ರದೇಶದ ಐವರು ಸಲ್ಲಿಸಿದ ಅರ್ಜಿಯನ್ನು ನ್ಯಾಯಾಲಯ ವಜಾ ಮಾಡಿ ತಲಾ 10,000 ರೂಪಾಯಿ ದಂಡ ವಿಧಿಸಿತು. ಊರಿನ ನೆಲವೇ ಸಡಿಲವಾದುದರಿಂದ ಗೌರಾದೇವಿಯ ಪ್ರತಿಮೆಯನ್ನು ಜೋಶಿಮಠಕ್ಕೆ ಸಾಗಿಸಬೇಕಾಯಿತು.

ಆ ಜೋಶಿಮಠವಾದರೂ ಸುಭದ್ರವೇ? ಶೃಂಗೇರಿಯಂತೆ ಆದಿಶಂಕರರ ನಾಲ್ಕು ಪೀಠಗಳಲ್ಲೊಂದೆಂದು ಪ್ರಸಿದ್ಧವಾದ ಈ ಪಟ್ಟಣ ನಿಂತಿರುವುದು ಹಿಂದೆಂದೋ ಕುಸಿದುಬಿದ್ದ ಗುಡ್ಡದ ರಾಶಿಯ ಮೇಲೆ. 1976ರಲ್ಲಿ ಮಿಶ್ರಾ ಸಮಿತಿ ಇದನ್ನು ಸ್ಪಷ್ಟವಾಗಿ ಬರೆದು, ಭಾರಿ ಕಟ್ಟಡಗಳು ಬೇಡ, ಸ್ಫೋಟಕಗಳಿಂದ ಬಂಡೆ ಒಡೆಯುವುದು ಬೇಡ, ಗಿಡ ನೆಡಿ, ಚರಂಡಿ ಸರಿಪಡಿಸಿ ಎಂದು ಸಲಹೆ ನೀಡಿತ್ತು. ವರದಿ ಕಡತ ಸೇರಿತು, ಕಟ್ಟಡಗಳು ಮೇಲೆದ್ದವು. 2023ರ ಜನವರಿಯಲ್ಲಿ ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟು, ಕುಟುಂಬಗಳು ಚಳಿಯಲ್ಲಿ ಮನೆ ತೊರೆದವು.

ಇದಕ್ಕೆ ಎದುರುವಾದವೂ ಇದೆ, ಅದು ತಳ್ಳಿಹಾಕುವಂಥದಲ್ಲ. ಬೆಟ್ಟದ ಜನರಿಗೂ ರಸ್ತೆ, ಆಸ್ಪತ್ರೆ, ವಿದ್ಯುತ್ತು ಬೇಕು. ಅವು ಸಿಗದ ಕಾರಣದಿಂದಲೇ ಯುವಕರು ಊರು ಬಿಡುತ್ತಿದ್ದಾರೆ. 2011ರ ಜನಗಣತಿಯಲ್ಲಿ ಪೌಡಿ ಮತ್ತು ಅಲ್ಮೋಡಾ ಜಿಲ್ಲೆಗಳ ಜನಸಂಖ್ಯೆಯೇ ಇಳಿದಿತ್ತು. ಗಡಿಗೆ ಸೈನಿಕರು ಹೋಗಲೂ ದಾರಿ ಬೇಕು. ರೋಂಟಿಯ ಬಂಡೆ ಕಳಚಿದ್ದು ಅಣೆಕಟ್ಟಿನಿಂದಲೇ ಎಂದು ಹೇಳುವುದೂ ಸತ್ಯಕ್ಕೆ ದೂರ. ಆದರೆ ಅಂತಹ ಕಣಿವೆಯ ಬಾಯಲ್ಲಿ ನೂರಾರು ಕಾರ್ಮಿಕರನ್ನು ತಂದು ನಿಲ್ಲಿಸಿದ ತೀರ್ಮಾನ ಮನುಷ್ಯರದು. ಆದುದರಿಂದ ಅಭಿವೃದ್ಧಿ ಬೇಕೆ ಬೇಡವೆ ಎಂದು ಕೇಳಿ ಪ್ರಯೋಜನವಿಲ್ಲ. ಅಪಾಯ ಹೊರುವವರು ಯಾರು, ತೀರ್ಮಾನ ಮಾಡುವವರು ಯಾರು, ಲಾಭ ಪಡೆಯುವವರು ಯಾರು ಎಂದು ಕೇಳಬೇಕು. ಈ ಮೂವರೂ ಬೇರೆ ಬೇರೆಯಾಗಿರುವುದೇ ರೋಗದ ಮೂಲ.

ಮನೆಯ ಮೇಲೆ ಸಾಲ ಕೊಡುವ ಯಾವ ಬ್ಯಾಂಕೂ ಹಕ್ಕುಪತ್ರಗಳನ್ನು ಪರಿಶೀಲಿಸದೆ, ಕಟ್ಟಡವನ್ನು ತಜ್ಞರಿಂದ ಪರೀಕ್ಷೆ ಮಾಡಿಸದೆ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡುವುದಿಲ್ಲ. ಒಂದು ಮನೆಗೆ ಅನ್ವಯಿಸುವ ಈ ವಿವೇಕ ಇಡೀ ಪರ್ವತಕ್ಕೆ ಅನ್ವಯಿಸಬಾರದೇಕೆ? ಬೆಟ್ಟದ ಯಾವುದೇ ದೊಡ್ಡ ಕಾಮಗಾರಿಗೆ ಅಲ್ಲಿನ ಗ್ರಾಮಸಭೆ ಮತ್ತು ವನ ಪಂಚಾಯಿತಿಗಳ ಒಪ್ಪಿಗೆ ಕಡ್ಡಾಯವಾಗಬೇಕು. ಭೂವಿಜ್ಞಾನಿಗಳ ವರದಿಯನ್ನು ಅವರ ಭಾಷೆಯಲ್ಲಿಯೇ ಅವರ ಮುಂದೆ ಓದಬೇಕು. ಮಿಶ್ರಾ ಸಮಿತಿಯಂತಹ ಎಚ್ಚರಿಕೆಯನ್ನು ಮೀರುವ ಅಧಿಕಾರಿ ಅದಕ್ಕೆ ಲಿಖಿತ ಕಾರಣ ನೀಡಿ ಹೊಣೆ ಹೊರಬೇಕು.

ಹಣದ ಮಾತೂ ಅಷ್ಟೇ ಮುಖ್ಯ. ರಾಜ್ಯಗಳ ತೆರಿಗೆಯ ಪಾಲನ್ನು ನಿರ್ಧರಿಸುವಾಗ ಹದಿನಾಲ್ಕನೆಯ ಹಣಕಾಸು ಆಯೋಗ ಕಾಡಿಗೆ ಪ್ರತಿಶತ 7.5 ತೂಕ ನೀಡಿತು, ಹದಿನೈದನೆಯದು ಅದನ್ನು 10ಕ್ಕೆ ಏರಿಸಿತು. ಇದು ಸ್ವಾಗತಾರ್ಹ. ಆದರೆ ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ. ಕಾಡು ಕಾಯುವ ಹಳ್ಳಿಯ ಖಾತೆಗೆ ನಿಯಮದ ಮೂಲಕ ಅದು ಇಳಿಯುವುದಿಲ್ಲ. 2008ರ ಜಲವಿದ್ಯುತ್ ನೀತಿಯ ಪ್ರಕಾರ ಯೋಜನೆಯ ವಿದ್ಯುತ್ತಿನಲ್ಲಿ ಪ್ರತಿಶತ 12 ಉಚಿತವಾಗಿ ರಾಜ್ಯಕ್ಕೆ, ಸ್ಥಳೀಯ ಅಭಿವೃದ್ಧಿ ನಿಧಿಗೆ ಕೇವಲ 1. ನೂರಕ್ಕೆ ನೂರು ಅಪಾಯ ಹೊರುವವನಿಗೆ ನೂರಕ್ಕೆ ಒಂದು! ಹಿಮಾಲಯದ ಚಿಲುಮೆಗಳಲ್ಲಿ ಸುಮಾರು ಅರ್ಧದಷ್ಟು ಬತ್ತುತ್ತಿವೆಯೆಂದು 2018ರಲ್ಲಿ ನೀತಿ ಆಯೋಗದ ವರದಿ ಎಚ್ಚರಿಸಿತ್ತು. ಬಯಲಿನ ನಗರಗಳ ನೀರಿನ ದರದಲ್ಲಿ ಒಂದು ಸಣ್ಣ ಪಾಲು ನೇರವಾಗಿ ವನ ಪಂಚಾಯಿತಿಗಳಿಗೆ ಸಂದರೆ, ಬಾಂಜ್ ನೆಡುವುದೂ ಚಿಲುಮೆ ಉಳಿಸುವುದೂ ಅಲ್ಲಿನ ಯುವಕರಿಗೆ ಊರಿನಲ್ಲಿಯೇ ಉದ್ಯೋಗವಾದೀತು.

ಇದು ದಾನವಲ್ಲ, ಕನಿಕರವೂ ಅಲ್ಲ; ಬಹುಕಾಲದಿಂದ ಬಾಕಿ ಉಳಿದಿರುವ ಸಂದಾಯ. ಹೊರನಾಡಿನಲ್ಲಿ ನೆಲೆಸಿ ಅಲ್ಲಿನ ನೀರು ಕುಡಿದು ಬಾಳುವ ಕನ್ನಡಿಗರು ಉಂಡ ಮನೆಗೆ ನಿಷ್ಠರೆಂಬ ಹೆಸರು ಗಳಿಸಿದವರು. ರಾಜಧಾನಿಯ ಸಂಘಸಂಸ್ಥೆಗಳು, ನಿವಾಸಿಗಳ ಸಮಿತಿಗಳು ಈ ಬೇಡಿಕೆಗೆ ದನಿಗೂಡಿಸಿದರೆ ಅದಕ್ಕೆ ಬೆಲೆ ಬಂದೀತು. ನೀರು ಮೇಲಿನಿಂದ ಕೆಳಗೆ ಹರಿಯುವುದು ಪ್ರಕೃತಿಯ ನಿಯಮ. ಅದರ ಬೆಲೆ ಕೆಳಗಿನಿಂದ ಮೇಲಕ್ಕೆ ಹೋಗುವಂತೆ ಮಾಡುವುದು ಮನುಷ್ಯರ ಕರ್ತವ್ಯ.